ಇ-ಮೈಗ್ರೇಟ್ ಪೋರ್ಟಲ್ ವಿಮರ್ಶೆ: ಯುದ್ಧದ ನಾಡಿಗೆ ಸೆಕ್ಯುರಿಟಿ ಕೆಲಸಕ್ಕೆ ಹೊರಟ ಕಲಬುರಗಿಯವರಿಗೆ

ವಿದೇಶಕ್ಕೆ ಕೆಲಸಕ್ಕೆ ಹೊರಟವರ ನೋಂದಣಿ, ಅನುಮತಿ ನೋಡಿಕೊಳ್ಳುವ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ಗೆ ಒಂದೇ ಅಂಕ ಕೊಡುವುದು ಕಷ್ಟ. ಸೌದಿ, ಕುವೈತ್, ಇರಾಕ್ ಕಡೆ ಹೊರಟವರ ಮಟ್ಟಿಗೆ ಐದಕ್ಕೆ ನಾಲ್ಕು ಕೊಡಬಹುದು. ರಷ್ಯಾಕ್ಕೆ ಹೊರಟವರ ಮಟ್ಟಿಗೆ ಒಂದು, ಅದೂ ಏಜೆಂಟರ ಪಟ್ಟಿ ನೋಡಲು ಸಿಗುತ್ತದೆ ಎಂಬ ಕಾರಣಕ್ಕೆ.

ಈ ವ್ಯತ್ಯಾಸದ ಬಿಸಿ ಕಲಬುರಗಿಗೆ ಚೆನ್ನಾಗಿ ತಟ್ಟಿದೆ. 2023ರ ಕೊನೆಯಲ್ಲಿ ಇಲ್ಲಿನ ಕೆಲವು ಯುವಕರು ಸೆಕ್ಯುರಿಟಿ, ಹೆಲ್ಪರ್ ಕೆಲಸ ಎಂಬ ಮಾತು ನಂಬಿ ರಷ್ಯಾಕ್ಕೆ ಹೋದರು. ಅಲ್ಲಿ ಕೈಗೆ ಬಂದೂಕು ಕೊಟ್ಟು ಉಕ್ರೇನ್ ಯುದ್ಧಕ್ಕೆ ಕಳಿಸಲಾಯಿತು. ಅವರು ಮನೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದೇ ದಾರಿಯಲ್ಲಿ ಹೋದ ಸೂರತ್‌ನ ಯುವಕನೊಬ್ಬ 2024ರ ಫೆಬ್ರವರಿ 21ರಂದು ಯುದ್ಧದಲ್ಲೇ ಸತ್ತ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ ರಷ್ಯಾ ಸೇನೆ ಸೇರಿದ್ದ ಭಾರತೀಯರ ಪ್ರಕರಣ 126. ಅವರಲ್ಲಿ 96 ಮಂದಿ ಮರಳಿದ್ದರು, 12 ಮಂದಿ ಸತ್ತಿದ್ದರು, 16 ಮಂದಿಯ ಸುಳಿವಿರಲಿಲ್ಲ.

ಹಾಗಾಗಿ ಇಲ್ಲಿ ಪೋರ್ಟಲ್‌ನ ಬಣ್ಣ, ವೇಗ ನೋಡುವುದು ಬಿಟ್ಟು, ಯುದ್ಧ ನಡೆಯುತ್ತಿರುವ ಅಥವಾ ಆಗಷ್ಟೇ ಮುಗಿದ ದೇಶಕ್ಕೆ ಕಾವಲು ಕೆಲಸಕ್ಕೆ ಹೊರಟವನಿಗೆ ಇದು ಎಲ್ಲಿವರೆಗೆ ಆಸರೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನಷ್ಟೇ ನೋಡಲಾಗಿದೆ.

ಏಜೆಂಟನ ತಪಾಸಣೆ

ಪೋರ್ಟಲ್‌ನಲ್ಲಿ ಎಲ್ಲಕ್ಕಿಂತ ಉಪಯುಕ್ತ ಭಾಗ ಇದು. ಲಾಗಿನ್ ಬೇಡ, ದುಡ್ಡು ಬೇಡ. ರಿಕ್ರೂಟಿಂಗ್ ಏಜೆಂಟ್ ವಿಭಾಗದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯೂ ಇದೆ, ನೋಂದಣಿ ಇಲ್ಲದೆ ದಂಧೆ ಮಾಡುತ್ತಿದ್ದಾರೆಂದು ದೂರು ಬಂದವರ ಪಟ್ಟಿಯೂ ಇದೆ. ಎರಡನೆಯದರಲ್ಲಿ 3,000ಕ್ಕೂ ಹೆಚ್ಚು ಹೆಸರುಗಳಿವೆ. ಬಹಳ ಮಂದಿ ಎಡವುವುದು ಇಲ್ಲೇ: ಕಪ್ಪುಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಏಜೆಂಟ ಸಾಚಾ ಎಂದುಕೊಳ್ಳುತ್ತಾರೆ. ಯಾರೂ ದೂರು ಕೊಟ್ಟಿಲ್ಲ ಎಂದಷ್ಟೇ ಅದರ ಅರ್ಥ. ಹೆಸರು ಮೊದಲ ಪಟ್ಟಿಯಲ್ಲಿ ಇರಬೇಕು, ಚಾಲ್ತಿಯಲ್ಲೂ ಇರಬೇಕು. ಅಮಾನತಾದ, ರದ್ದಾದ, ಅವಧಿ ಮುಗಿದ ನೋಂದಣಿಯ ಪ್ರಮಾಣಪತ್ರವನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಲು ಯಾರ ಅಡ್ಡಿಯೂ ಇಲ್ಲವಲ್ಲ.

ನೋಂದಣಿ ಸಂಖ್ಯೆ ಬಿ ಅಕ್ಷರದಿಂದ ಶುರುವಾಗುತ್ತದೆ, ನಡುವೆ ಜಾಗದ ಗುರುತು, ಕೊನೆಯಲ್ಲಿ ಇಸವಿ. ಈ ಸಂಖ್ಯೆಯನ್ನು ಕಚೇರಿಯಲ್ಲೂ, ಪತ್ರಿಕೆ ಮತ್ತು ಸಾಮಾಜಿಕ ಜಾಲತಾಣದ ಜಾಹೀರಾತಿನಲ್ಲೂ ಕಾಣುವಂತೆ ಹಾಕಲೇಬೇಕು. ವಾಟ್ಸಾಪ್‌ನಲ್ಲಿ ಓಡಾಡುವ ‘ಅರ್ಜೆಂಟ್ ರಿಕ್ವೈರ್ಮೆಂಟ್’ ಪೋಸ್ಟರ್‌ನಲ್ಲಿ ಈ ಸಂಖ್ಯೆ ಇಲ್ಲದಿದ್ದರೆ ಮುಂದೆ ಓದುವ ಅಗತ್ಯವಿಲ್ಲ.

ಇನ್ನೊಂದು ತೊಡಕು ನಮ್ಮ ಕಡೆಯದು. ಲೈಸೆನ್ಸ್ ಮುಂಬೈ ಕಂಪನಿಯದು, ನಡುವಿನವನು ಹೈದರಾಬಾದಿನವನು, ಪಾಸ್‌ಪೋರ್ಟ್ ಇಸಿದುಕೊಳ್ಳುವವನು ಕಲಬುರಗಿಯವನು. ‘ಹತ್ತನೇತ್ತಾ ಪಾಸ್ ಆಗಿದ್ರ ಸಾಕು, ಮುಂದಿನ ತಿಂಗಳಾ ವಿಮಾನ ಹತ್ತಸ್ತೀವಿ’ ಎಂಬ ಧಾಟಿಯ ಮಾತಾಡುವವನಿಗೆ ಸ್ವಂತ ನೋಂದಣಿ ಇರುವುದಿಲ್ಲ. 1983ರ ವಲಸೆ ಕಾಯ್ದೆ ನೋಂದಾಯಿತ ಏಜೆಂಟನನ್ನು ಮಾತ್ರ ಗುರುತಿಸುತ್ತದೆ, ಸಬ್ ಏಜೆಂಟ್ ಎಂಬ ಪದವಿಯೇ ಅದರಲ್ಲಿಲ್ಲ. ಇದಕ್ಕೆ ಉಪಾಯ ಸುಲಭ. ಅವನು ಕೊಟ್ಟ ಕಾರ್ಡಿನ ನಂಬರ್ ಬಿಟ್ಟು, ಪೋರ್ಟಲ್‌ನಲ್ಲಿ ಆ ಕಂಪನಿಯ ಹೆಸರಿನ ಮುಂದೆ ಇರುವ ನಂಬರಿಗೆ ಫೋನ್ ಮಾಡಿ. ವಿದೇಶಿ ಮಾಲೀಕನ ಹೆಸರೇನು, ಎಷ್ಟು ಗಾರ್ಡುಗಳ ಬೇಡಿಕೆ ಇದೆ, ಇ-ಮೈಗ್ರೇಟ್‌ನಲ್ಲಿ ಆ ಬೇಡಿಕೆ ದಾಖಲಾಗಿದೆಯೇ ಎಂದು ಕೇಳಿ. ಕಲಬುರಗಿಯಲ್ಲಿ ತಮ್ಮ ಪರವಾಗಿ ಯಾರಾದರೂ ದುಡ್ಡು ತಗೊಳ್ಳುತ್ತಿದ್ದಾರೆಯೇ ಎಂದೂ ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಹಲವು ಸಲ ಮಧ್ಯವರ್ತಿಯ ಕಥೆಯನ್ನು ಅಲ್ಲಿಗೇ ಮುಗಿಸುತ್ತದೆ.

ದುಡ್ಡಿನ ವಿಷಯ. ನೋಂದಾಯಿತ ಏಜೆಂಟ ಕಾರ್ಮಿಕನಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400. ಅದಕ್ಕೆ ರಸೀದಿ ಕೊಡಬೇಕು, ಕಂಪನಿಯ ಬ್ಯಾಂಕ್ ಖಾತೆಗೇ ಹಾಕಬೇಕು. ವೀಸಾ, ಟಿಕೆಟ್, ಮೆಡಿಕಲ್ ಎಂದು ಬೇರೆ ಖರ್ಚು ಹೇಳಿದರೆ ಒಂದೊಂದಕ್ಕೂ ಬೇರೆ ರಸೀದಿ ಕೇಳಿ. ಲಕ್ಷಗಟ್ಟಲೆ ಕೇಳಿದವನು, ಅದೂ ನಗದಾಗಿ ಅಥವಾ ಯಾರದೋ ಫೋನ್‌ಪೇ ನಂಬರಿಗೆ ಹಾಕಿ ಎಂದವನು, ಕಾನೂನಿನ ಗೆರೆ ದಾಟಿ ಆಗಲೇ ಬಹಳ ದೂರ ಹೋಗಿದ್ದಾನೆ.

ಇಸಿಆರ್ ಎಂಬ ಗೇಟು

ಈಗ ನಾಲ್ಕು ಅಂಕ ಒಂದಕ್ಕೆ ಇಳಿಯುವ ಜಾಗ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ವಲಸೆ ತಪಾಸಣೆ ಅಗತ್ಯ ಎಂಬ ಮುದ್ರೆ ಇರುತ್ತದೆ. ಇವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಇ-ಮೈಗ್ರೇಟ್ ಮೂಲಕ ವಲಸೆ ಅನುಮತಿ ಪಡೆಯಬೇಕು. ಆರು ಕೊಲ್ಲಿ ದೇಶಗಳ ಜೊತೆಗೆ ಇರಾಕ್, ಅಫ್ಘಾನಿಸ್ತಾನ, ಸಿರಿಯಾ, ಯೆಮನ್, ಲಿಬಿಯಾ, ಸುಡಾನ್, ದಕ್ಷಿಣ ಸುಡಾನ್, ಲೆಬನಾನ್, ಜೋರ್ಡಾನ್ ಈ ಪಟ್ಟಿಯಲ್ಲಿವೆ. ಮಲೇಷ್ಯಾ, ಇಂಡೋನೇಷ್ಯಾ, ಥಾಯ್ಲೆಂಡ್ ಕೂಡ ಇವೆ. ರಷ್ಯಾ ಇಲ್ಲ.

ಹೆದ್ದಾರಿಗೆ ಟೋಲ್ ಗೇಟ್ ಇದ್ದು ಪಕ್ಕದ ಹೊಲದ ದಾರಿ ತೆರೆದೇ ಇದ್ದಂತೆ ಈ ವ್ಯವಸ್ಥೆ. ಅನುಮತಿ ಬೇಕಾದ ದೇಶವಾದರೆ ವಿದೇಶಿ ಮಾಲೀಕ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕರಾರುಪತ್ರ ಹಾಕಬೇಕು, ಸಂಬಳ ಆ ದೇಶಕ್ಕೆ ನಿಗದಿಯಾದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು, ವಿಮೆ ಇರಬೇಕು. ರಷ್ಯಾದ ವಿಮಾನ ಹತ್ತುವವನನ್ನು ಇವುಗಳಲ್ಲಿ ಒಂದನ್ನೂ ಯಾರೂ ಕೇಳುವುದಿಲ್ಲ. ಹತ್ತನೇ ಪಾಸಾದವನನ್ನಂತೂ ಇರಾಕಿಗೆ ಹೊರಟಾಗಲೂ ಈ ಗೇಟು ತಡೆಯುವುದಿಲ್ಲ. ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಹೊರಡುವ ಇಪ್ಪತ್ತರ ಆಸುಪಾಸಿನ ಹುಡುಗರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರೂ ಇದ್ದಾರೆ. ಓದಿದವನಿಗೆ ರಕ್ಷಣೆ ಬೇಡ ಎಂಬ ಹಳೆಯ ಎಣಿಕೆ ಯುದ್ಧದ ಕರಾರಿನ ಮುಂದೆ ನಿಲ್ಲುವುದಿಲ್ಲ.

ಪೋರ್ಟಲ್‌ನಲ್ಲಿ ಹತ್ತನೇ ಪಾಸಾದವರಿಗೂ ಸ್ವಯಂಪ್ರೇರಿತ ನೋಂದಣಿಯ ಅವಕಾಶ ಇದೆ. 2019ರ ಜನವರಿಯಿಂದ ಅದನ್ನು ಕಡ್ಡಾಯ ಮಾಡಲು ಹೊರಟ ಸಚಿವಾಲಯ ಆಮೇಲೆ ಕೈಬಿಟ್ಟಿತು. ಕಡ್ಡಾಯ ಇಲ್ಲದಿದ್ದರೂ ಮಾಡಿಕೊಳ್ಳುವುದು ಒಳ್ಳೆಯದು. ಇರಾಕಿನ ಮೊಸುಲ್‌ನಲ್ಲಿ 2014ರಲ್ಲಿ ಅಪಹರಣವಾಗಿ, ಸತ್ತದ್ದು 2018ರಲ್ಲಿ ದೃಢಪಟ್ಟ 39 ಭಾರತೀಯ ಕಾರ್ಮಿಕರ ಬಗ್ಗೆ ದೂತಾವಾಸದಲ್ಲಿ ದಾಖಲೆಯೇ ಇರಲಿಲ್ಲ ಎಂದು ಆಗ ಸರ್ಕಾರ ಹೇಳಿತ್ತು. ಹೆಸರು ಒಂದು ಕಡೆ ದಾಖಲಾಗಿರುವುದಕ್ಕೆ ಬೆಲೆ ಇದೆ.

ರಷ್ಯಾದ ಕರಾರಿನಲ್ಲಿ ಏನಿರುತ್ತದೆ

ಪೋರ್ಟಲ್ ತಪಾಸಣೆ ಮಾಡದ ದಾಖಲೆಯನ್ನು ಹೋಗುವವನೇ ತಪಾಸಣೆ ಮಾಡಬೇಕು. ಮೊದಲು ವೀಸಾ. ಪ್ರವಾಸಿ ವೀಸಾದ ಮೇಲೆ ಹೋಗಿ ಅಲ್ಲಿ ‘ಕನ್ವರ್ಟ್’ ಮಾಡಿಸುತ್ತೇವೆ ಎಂದರೆ, ಇಳಿದ ಮೇಲೆ ನೀವು ಆ ಏಜೆಂಟನ ಕೈಗೊಂಬೆ. ವೀಸಾ ಅವಧಿ ಮುಗಿಯುತ್ತಾ ಬಂದಾಗ ಎದುರಿಗಿಟ್ಟ ಯಾವ ಕಾಗದಕ್ಕಾದರೂ ಸಹಿ ಬೀಳುತ್ತದೆ. ಒತ್ತಡ ಬರುವುದು ಹೀಗೆ.

ಆ ಕಾಗದ ರಷ್ಯನ್ ಲಿಪಿಯಲ್ಲಿರುತ್ತದೆ. ಸಹಿ ಹಾಕುವ ಮುಂಚೆ ಫೋನಿನ ಕ್ಯಾಮೆರಾ ಅನುವಾದದಲ್ಲಿ ಒಂದೊಂದೇ ಪುಟ ಹಿಡಿದು ನೋಡಿ. ಕರಾರಿನ ಇನ್ನೊಂದು ಪಕ್ಷ ಯಾರು ಎಂಬುದು ಮೊದಲ ಪ್ರಶ್ನೆ. ಅಲ್ಲಿ ರಕ್ಷಣಾ ಸಚಿವಾಲಯ, ಮಿಲಿಟರಿ ಸೇವೆ, ಮಿಲಿಟರಿ ಘಟಕದ ಸಂಖ್ಯೆ ಇವುಗಳಲ್ಲಿ ಯಾವುದು ಕಂಡರೂ ಅದು ಸೇನೆಗೆ ಸೇರುವ ಕರಾರು. ‘ಹಿಂದೆ ಇರ್ತೀರಿ, ಅಡುಗೆ ಮನೆ, ಗೋದಾಮು ನೋಡ್ಕೋತೀರಿ’ ಎಂಬ ಮಾತಿಗೆ ಆ ಕಾಗದದಲ್ಲಿ ಜಾಗ ಇರುವುದಿಲ್ಲ.

ಎರಡನೆಯದು ಅವಧಿ. ಕರಾರಿನಲ್ಲಿ ಒಂದು ವರ್ಷ ಎಂದು ಬರೆದಿದ್ದರೂ ಅದು ಒಂದು ವರ್ಷಕ್ಕೆ ಮುಗಿಯುವುದಿಲ್ಲ. 2022ರ ಸೆಪ್ಟೆಂಬರ್ 21ರಂದು ರಷ್ಯಾ ಅಧ್ಯಕ್ಷರು ಹೊರಡಿಸಿದ ಭಾಗಶಃ ಸೇನಾ ಸಜ್ಜಿಕೆಯ, ಅಂದರೆ ಮೀಸಲಿನಲ್ಲಿದ್ದವರನ್ನು ಸೇನೆಗೆ ಕರೆಸಿಕೊಳ್ಳುವ ಆದೇಶದಂತೆ, ಆ ಸಜ್ಜಿಕೆ ಮುಗಿಯುವವರೆಗೂ ಸೇನೆಯ ಕರಾರುಗಳು ಚಾಲ್ತಿಯಲ್ಲೇ ಇರುತ್ತವೆ. ವಯೋಮಿತಿ, ಸೇವೆಗೆ ಅನರ್ಹಗೊಳಿಸುವ ಅನಾರೋಗ್ಯ, ಜೈಲು ಶಿಕ್ಷೆ ಬಿಟ್ಟರೆ ಬಿಡುಗಡೆಯ ದಾರಿ ಇಲ್ಲವೆನ್ನುವಷ್ಟು ಕಿರಿದು. ‘ಇಷ್ಟ ಆಗ್ಲಿಲ್ಲಾಂದ್ರ ಮೂರು ತಿಂಗಳಿಗೆ ವಾಪಸ್ ಬರ್ರಿ’ ಎನ್ನುವ ಏಜೆಂಟನಿಗೆ ಈ ಆದೇಶ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ.

ಖಾಸಗಿ ಸೇನೆಯ ಕಂಪನಿ ಎಂದರೆ ಸರ್ಕಾರದ ಸೇನೆಗಿಂತ ಮೆದು ಎಂದು ತಿಳಿದವರಿದ್ದಾರೆ. ರಷ್ಯಾದ ಕಾನೂನಿನಲ್ಲಿ ಬಾಡಿಗೆ ಸೈನಿಕತನ ಅಪರಾಧ. ಆದರೂ ವ್ಯಾಗ್ನರ್ ಎಂಬ ಖಾಸಗಿ ಸೇನಾ ಕಂಪನಿ ವರ್ಷಗಟ್ಟಲೆ ನಡೆಯಿತು. 2023ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದಂಗೆ ಎದ್ದ, ಆಗಸ್ಟ್ 23ರಂದು ವಿಮಾನ ಬಿದ್ದು ಸತ್ತ. ಕಾನೂನಿನಲ್ಲಿ ಅಸ್ತಿತ್ವವೇ ಇಲ್ಲದ ಕಂಪನಿಯ ಮೇಲೆ ಸಂಬಳಕ್ಕೋ ಪರಿಹಾರಕ್ಕೋ ಕೇಸು ಹಾಕಲು ಯಾವ ಕೋರ್ಟಿಗೆ ಹೋಗುವುದು?

ಕಂಪನಿಯನ್ನು ಆ ದೇಶದ ಸರ್ಕಾರ ಒಪ್ಪಿದೆಯೇ

ಇರಾಕ್, ಅಫ್ಘಾನಿಸ್ತಾನದಂಥ ಕಡೆ ಕಾವಲು ಕೆಲಸಕ್ಕೆ ಹೋಗುವವರು ಸಂಬಳ ಕೇಳುತ್ತಾರೆ, ಊಟ-ವಸತಿ ಕೇಳುತ್ತಾರೆ. ಕಂಪನಿಗೆ ಆ ದೇಶದ ಗೃಹ ಇಲಾಖೆಯ ಲೈಸೆನ್ಸ್ ಇದೆಯೇ ಎಂದು ಕೇಳುವವರು ಅಪರೂಪ. ಇ-ಮೈಗ್ರೇಟ್ ಕೂಡ ಮಾಲೀಕನ ನೋಂದಣಿ ನೋಡುತ್ತದೆಯೇ ಹೊರತು, ಖಾಸಗಿ ಮಿಲಿಟರಿ ಕಂಪನಿಗಳ ಬಗ್ಗೆ ಅಲ್ಲಿನ ಸರ್ಕಾರದ ಮನಸ್ಸು ಹೇಗಿದೆ ಎಂದು ತಿಳಿಸುವುದಿಲ್ಲ. ಗಾರ್ಡಿನ ವೀಸಾ, ವಾಸದ ಪರವಾನಗಿ, ಆಯುಧದ ಪರವಾನಗಿ ಮೂರೂ ಆ ಲೈಸೆನ್ಸಿಗೆ ಕಟ್ಟಿರುತ್ತವೆ. ಅದು ಹೋದರೆ ಇವೂ ಹೋದವು.

ಇರಾಕಿನ ಉದಾಹರಣೆ ನೋಡಿ. 2004ರ ಜೂನ್‌ನಲ್ಲಿ ಇರಾಕನ್ನು ಆಳುತ್ತಿದ್ದ ಅಮೆರಿಕದ ಆಡಳಿತ ಹೊರಡಿಸಿದ 17ನೇ ಆದೇಶ ವಿದೇಶಿ ಗುತ್ತಿಗೆದಾರರನ್ನು ಇರಾಕಿನ ಕಾನೂನಿನಿಂದ ಹೊರಗಿಟ್ಟಿತು. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಅಮೆರಿಕದ ಖಾಸಗಿ ಸೆಕ್ಯುರಿಟಿ ಕಂಪನಿಯಾದ ಬ್ಲ್ಯಾಕ್‌ವಾಟರ್ ಕಂಪನಿಯ ಗಾರ್ಡುಗಳು ಗುಂಡು ಹಾರಿಸಿ 17 ನಾಗರಿಕರು ಸತ್ತರು. ಕಂಪನಿಯ ಪರವಾನಗಿ ರದ್ದು ಎಂದು ಇರಾಕ್ ಸರ್ಕಾರ ಘೋಷಿಸಿದರೂ, ಅಮೆರಿಕದ ವಿದೇಶಾಂಗ ಇಲಾಖೆ 2008ರಲ್ಲಿ ಅದೇ ಕಂಪನಿಯ ಗುತ್ತಿಗೆ ನವೀಕರಿಸಿತು. 2009ರ ಜನವರಿ 1ರಿಂದ ಜಾರಿಗೆ ಬಂದ ಅಮೆರಿಕ-ಇರಾಕ್ ಒಪ್ಪಂದದಲ್ಲಿ ಗುತ್ತಿಗೆದಾರರಿಗಿದ್ದ ವಿನಾಯಿತಿ ಹೋಯಿತು, ಅದೇ ತಿಂಗಳು ಇರಾಕ್ ಆ ಕಂಪನಿಗೆ ಲೈಸೆನ್ಸ್ ಕೊಡಲು ನಿರಾಕರಿಸಿತು. ಕೆಲಸಗಾರನ ಕಣ್ಣಿನಿಂದ ನೋಡಿದರೆ ಮುಖ್ಯವಾದದ್ದು ಆಮೇಲಿನ ಘಟನೆ. 2010ರ ಫೆಬ್ರವರಿಯಲ್ಲಿ, ಹಿಂದೆ ಆ ಕಂಪನಿಯಲ್ಲಿದ್ದ ಸುಮಾರು 250 ಮಂದಿ ಏಳು ದಿನದಲ್ಲಿ ದೇಶ ಬಿಡಬೇಕೆಂದು ಇರಾಕಿನ ಗೃಹ ಸಚಿವರು ಆದೇಶಿಸಿದರು. ಬೇರೆ ಕಂಪನಿಗೆ ಸೇರಿದ್ದವರಿಗೂ ಇದು ತಪ್ಪಲಿಲ್ಲ. ಹಳೆಯ ಕಂಪನಿಯ ಹೆಸರೇ ವೀಸಾಕ್ಕೆ ಮುಳುವಾಯಿತು.

ಅಫ್ಘಾನಿಸ್ತಾನದಲ್ಲಿ ಆಗಿನ ಅಧ್ಯಕ್ಷ ಹಮೀದ್ ಕರ್ಜಾಯ್ 2010ರ ಆಗಸ್ಟ್ 17ರಂದು ಎಲ್ಲ ಖಾಸಗಿ ಸೆಕ್ಯುರಿಟಿ ಕಂಪನಿಗಳನ್ನು ನಾಲ್ಕು ತಿಂಗಳಲ್ಲಿ ವಿಸರ್ಜಿಸಬೇಕೆಂದು ಆದೇಶಿಸಿದರು. ಈ ಕಂಪನಿಗಳು ಸರ್ಕಾರಕ್ಕೆ ಸಮನಾಗಿ ಇನ್ನೊಂದು ಬಂದೂಕುಪಡೆ ಕಟ್ಟುತ್ತಿವೆ, ಪೊಲೀಸರಿಗಿಂತ ಹೆಚ್ಚು ಸಂಬಳ ಕೊಟ್ಟು ಅಲ್ಲಿನ ಯುವಕರನ್ನು ಸೆಳೆಯುತ್ತಿವೆ ಎಂಬುದು ಅವರ ತಕರಾರು. ದಾನಿ ದೇಶಗಳ ಒತ್ತಡದಿಂದ ಗಡುವು ಸಡಿಲವಾಯಿತು, ರಾಯಭಾರ ಕಚೇರಿಗಳ ಕಾವಲಿಗೆ ವಿನಾಯಿತಿ ಸಿಕ್ಕಿತು, ಉಳಿದ ಕೆಲಸ ಸರ್ಕಾರಿ ಕಾವಲುಪಡೆಗೆ ವರ್ಗವಾಗತೊಡಗಿತು. ಸರ್ಕಾರದ ತಕರಾರಿನಲ್ಲಿ ನ್ಯಾಯ ಇತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಂಥ ಆದೇಶ ಬಂದ ದಿನ ಆ ದೇಶದವನೂ ಅಲ್ಲದ, ಕಂಪನಿಯ ದೇಶದವನೂ ಅಲ್ಲದ ಗಾರ್ಡು ಸಂಬಳ ಬಾಕಿ ಇರುವಾಗಲೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಅದಕ್ಕೇ ಕರಾರಿನಲ್ಲಿ ಎರಡು ಸಾಲು ಇರಲೇಬೇಕು: ಕಂಪನಿಯ ಲೈಸೆನ್ಸ್ ರದ್ದಾದರೆ ವಾಪಸ್ ಟಿಕೆಟ್ ಯಾರ ಖರ್ಚು, ಬಾಕಿ ಸಂಬಳ ಎಷ್ಟು ದಿನದಲ್ಲಿ ಬರುತ್ತದೆ. ಇವಿಲ್ಲದ ಕರಾರು ಅರ್ಧ ಕರಾರು.

ಕೆಲಸದ ಜಾಗಕ್ಕೆ ಹೇಗೆ ಕರೆದೊಯ್ಯುತ್ತಾರೆ ಎಂದೂ ಕೇಳಬೇಕು. 2016ರ ಜೂನ್ 20ರಂದು ಕಾಬೂಲ್‌ನಲ್ಲಿ ಕೆನಡಾ ರಾಯಭಾರ ಕಚೇರಿಯ ಗಾರ್ಡುಗಳಿದ್ದ ಮಿನಿಬಸ್ ಮೇಲೆ ಆತ್ಮಾಹುತಿ ದಾಳಿ ನಡೆದು 14 ಮಂದಿ ಸತ್ತರು, 12 ನೇಪಾಳಿಗಳು, 2 ಭಾರತೀಯರು. ಆ ಬಸ್ಸಿಗೆ ಗುಂಡು ತಡೆಯುವ ಕವಚ ಇರಲಿಲ್ಲ. ಅವರು ಕಾಯುತ್ತಿದ್ದ ಗೇಟು ಭದ್ರವಾಗಿತ್ತು, ಅಲ್ಲಿಗೆ ಹೋಗುವ ದಾರಿ ಇರಲಿಲ್ಲ.

ವಿಮೆ

ಇ-ಮೈಗ್ರೇಟ್ ಜೊತೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಗ್ಗ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ಜೊತೆಗೆ ತೆರಿಗೆ. ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಈ ದರಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆದರೆ ಅನುಮತಿ ಪಡೆದು ಹೋಗುವವನಿಗೆ ಮಾತ್ರ ಇದು ಕಡ್ಡಾಯ, ರಷ್ಯಾಕ್ಕೆ ಹೋದವನ ಬಳಿ ಇದೂ ಇರುವುದಿಲ್ಲ.

ಅಮೆರಿಕ ಸರ್ಕಾರದ ಗುತ್ತಿಗೆಯಡಿ ಕೆಲಸವಾದರೆ ಇನ್ನೊಂದು ದೊಡ್ಡ ಆಸರೆ ಇದೆ, ನಮ್ಮ ಕಡೆಯ ಏಜೆಂಟರ ಬಾಯಲ್ಲಿ ಅದರ ಹೆಸರೇ ಬರುವುದಿಲ್ಲ. 1941ರ ಡಿಫೆನ್ಸ್ ಬೇಸ್ ಆಕ್ಟ್ ಪ್ರಕಾರ ಗುತ್ತಿಗೆದಾರ, ಉಪಗುತ್ತಿಗೆದಾರ ಯಾರೇ ಇರಲಿ, ಯಾವ ದೇಶದ ಕೆಲಸಗಾರನಿಗಾದರೂ ವಿಮೆ ಮಾಡಿಸಬೇಕು. ಪೂರ್ಣ ಅಂಗವೈಕಲ್ಯಕ್ಕೆ ಸರಾಸರಿ ವಾರದ ಸಂಬಳದ ಮೂರರಲ್ಲಿ ಎರಡು ಪಾಲು, ಸತ್ತರೆ ಹೆಂಡತಿಗೆ ಅರ್ಧ, ಮಕ್ಕಳೂ ಇದ್ದರೆ ಮೂರರಲ್ಲಿ ಎರಡು ಪಾಲು. ಗಾಯವಾದ 30 ದಿನದೊಳಗೆ ಮಾಲೀಕನಿಗೆ ಲಿಖಿತ ಸೂಚನೆ ಹೋಗಬೇಕು, ಒಂದು ವರ್ಷದೊಳಗೆ ಅಮೆರಿಕದ ಕಾರ್ಮಿಕ ಇಲಾಖೆಗೆ ಅರ್ಜಿ ಸಲ್ಲಬೇಕು. ಗಾಯಕ್ಕೆ ಎಲ್‌ಎಸ್-203 ನಮೂನೆ, ಸಾವಿಗೆ ಎಲ್‌ಎಸ್-262. ಕಂಪನಿ ಒಂದಿಷ್ಟು ದುಡ್ಡು ಕೈಗಿಟ್ಟು ‘ಎಲ್ಲ ಮುಗಿಯಿತು’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಆ ನಮೂನೆಗಳನ್ನು ನೆನಪಿಸಿಕೊಳ್ಳಬೇಕು. ಹೋಗುವ ಮುಂಚೆಯೇ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಮೂಲ ಗುತ್ತಿಗೆದಾರನ ಹೆಸರು ಬರೆಸಿಕೊಂಡು ಮನೆಯವರ ಕೈಗೆ ಕೊಡಿ. ಊರಲ್ಲಿ ಕೂತು ಅರ್ಜಿ ಹಾಕುವವರು ಅವರೇ ತಾನೆ.

ಇಲ್ಲಿನ ಗಾರ್ಡ್ ತರಬೇತಿ, ಇಲ್ಲಿನ ಸೆಕ್ಯುರಿಟಿ ಏಜೆನ್ಸಿ

ಈ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಗಾರ್ಡಿಗೆ ಕನಿಷ್ಠ 100 ಗಂಟೆ ತರಗತಿ, 60 ಗಂಟೆ ಮೈದಾನದ ತರಬೇತಿ ಆಗಬೇಕು. ಅದೇ ಕಾಯ್ದೆಯಂತೆ ಭಾರತದ ಭದ್ರತಾ ಸಂಸ್ಥೆ ವಿದೇಶದಲ್ಲಿ ಸೇವೆ ಕೊಡಬೇಕಾದರೆ ರಾಜ್ಯದ ನಿಯಂತ್ರಣ ಪ್ರಾಧಿಕಾರದ ಅನುಮತಿ ಬೇಕು, ಆ ಪ್ರಾಧಿಕಾರ ಕೇಂದ್ರವನ್ನು ಕೇಳಿಯೇ ಅನುಮತಿ ಕೊಡಬೇಕು. ‘ನಮ್ಮದೇ ಸೆಕ್ಯುರಿಟಿ ಏಜೆನ್ಸಿ, ನಾವೇ ಕಳಸ್ತೀವಿ’ ಎಂದವರಿಂದ ಆ ಅನುಮತಿ ಪತ್ರದ ನಕಲು ಕೇಳಿ.

ಕೆಟ್ಟರೆ ಯಾರ ಬಾಗಿಲು

ವಲಸೆ, ಪಾಸ್‌ಪೋರ್ಟ್, ವೀಸಾ ಮೂರೂ ಕೇಂದ್ರದ ಪಟ್ಟಿಯವು. ಹೀಗಾಗಿ 2024ರ ಫೆಬ್ರವರಿಯಲ್ಲಿ ಕಲಬುರಗಿ ಉಸ್ತುವಾರಿ ಸಚಿವ ಪ್ರಿಯಾಂಕ್ ಖರ್ಗೆ, ಎಐಸಿಸಿ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ರಷ್ಯಾದಲ್ಲಿ ಸಿಕ್ಕಿಬಿದ್ದ ಯುವಕರ ವಿಷಯ ಎತ್ತಿ ಕೇಂದ್ರದ ಮೇಲೆ ಒತ್ತಡ ಹಾಕಬಹುದಿತ್ತೇ ಹೊರತು, ರಾಜ್ಯ ಸರ್ಕಾರ ತಾನಾಗಿ ಯಾರನ್ನೂ ಬಿಡಿಸಿ ತರುವಂತಿರಲಿಲ್ಲ. ಹೈದರಾಬಾದ್ ಸಂಸದ ಅಸದುದ್ದೀನ್ ಒವೈಸಿ ಜನವರಿಯಲ್ಲೇ ವಿದೇಶಾಂಗ ಸಚಿವರಿಗೆ ಪತ್ರ ಬರೆದಿದ್ದರು. ಮಾರ್ಚ್‌ನಲ್ಲಿ ಸಿಬಿಐ ಹಲವು ನಗರಗಳಲ್ಲಿ ಶೋಧ ನಡೆಸಿತು. ಬಿಡುಗಡೆಯ ದಾರಿ ಸಲೀಸಾದದ್ದು ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ಈ ಮಾತು ಎತ್ತಿದ ಮೇಲೆ. ರಷ್ಯಾ ರಾಯಭಾರ ಕಚೇರಿ 2024ರ ಏಪ್ರಿಲ್‌ನಿಂದಲೇ ಭಾರತೀಯರ ಭರ್ತಿ ನಿಲ್ಲಿಸಿದ್ದೇವೆ ಎಂದು ಆಗಸ್ಟ್‌ನಲ್ಲಿ ಹೇಳಿತು. ಹಾಗಿದ್ದೂ 2025ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಮತ್ತೆ ಎಚ್ಚರಿಕೆ ಕೊಡಬೇಕಾಗಿ ಬಂತು.

ದೂರಿಗೆ ಎರಡು ಬೇರೆ ದಾರಿ, ಎರಡನ್ನೂ ಒಟ್ಟಿಗೆ ಹಿಡಿಯಬೇಕು. ವಿದೇಶದಲ್ಲಿ ಸಿಕ್ಕಿಬಿದ್ದವನ ಸಲುವಾಗಿ ಮದದ್ ಪೋರ್ಟಲ್. ಇಲ್ಲಿ ಮನೆಯವರೇ ದೂರು ದಾಖಲಿಸಬಹುದು, ಅದು ಆಯಾ ದೇಶದ ಭಾರತೀಯ ದೂತಾವಾಸಕ್ಕೆ ಹೋಗುತ್ತದೆ, ಬರುವ ಸಂಖ್ಯೆಯಿಂದ ಸ್ಥಿತಿ ನೋಡಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800113090. ಇಲ್ಲಿ ದುಡ್ಡು ತಿಂದವನ ಮೇಲೆ ಸ್ಥಳೀಯ ಠಾಣೆಯಲ್ಲಿ ವಂಚನೆ, ಮಾನವ ಕಳ್ಳಸಾಗಣೆ ಮತ್ತು ವಲಸೆ ಕಾಯ್ದೆಯಡಿ ದೂರು. ಪೊಲೀಸ್ ವ್ಯವಸ್ಥೆ ರಾಜ್ಯದ್ದು, ಜಿಲ್ಲಾ ಆಡಳಿತದ ಕೈ ನಿಜವಾಗಿ ಓಡುವುದು ಇಲ್ಲೇ. ‘ಮೊದಲು ಮಗ ಬರಲಿ, ಆಮೇಲೆ ಕೇಸು’ ಎಂದು ಮನೆಯವರು ಕಾಯುವುದು ಸಹಜ, ಏಜೆಂಟನೂ ಅದನ್ನೇ ಹೇಳುತ್ತಾನೆ. ಆ ತಿಂಗಳುಗಳಲ್ಲಿ ಅವನ ಫೋನ್ ನಂಬರ್, ಖಾತೆ, ಚಾಟ್ ಎಲ್ಲ ಮಾಯವಾಗುತ್ತವೆ.

ಆದ್ದರಿಂದ ಪಾಸ್‌ಪೋರ್ಟಿನ ಎಲ್ಲ ಪುಟ, ವೀಸಾ, ಕರಾರಿನ ಪ್ರತಿ ಪುಟ, ದುಡ್ಡು ಕಳಿಸಿದ ದಾಖಲೆ, ಏಜೆಂಟನ ವಾಯ್ಸ್ ಮೆಸೇಜು ಇವೆಲ್ಲ ಹೊರಡುವ ಮುಂಚೆಯೇ ಮನೆಯ ಇನ್ನೊಬ್ಬರ ಫೋನಿಗೂ ಹೋಗಿರಬೇಕು. ಚಾಟ್ ಅನ್ನು ಸ್ಕ್ರೀನ್‌ಶಾಟ್ ತೆಗೆಯುವುದರ ಬದಲು ಎಕ್ಸ್‌ಪೋರ್ಟ್ ಮಾಡಿ, ದಿನಾಂಕ ಮತ್ತು ನಂಬರ್ ಉಳಿಯುತ್ತವೆ. ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರದ ಅಂತರರಾಷ್ಟ್ರೀಯ ವಲಸೆ ಕೇಂದ್ರದ ಮೂಲಕ ಬರುವ ವಿದೇಶಿ ಕೆಲಸಗಳ ಸಂಖ್ಯೆ ಕಡಿಮೆ, ಕಾಯುವುದು ಹೆಚ್ಚು. ಆದರೂ ಏಜೆಂಟನಿಗೆ ಮುಂಗಡ ಎಣಿಸುವ ಮುಂಚೆ ಅಲ್ಲೊಂದು ಹೆಸರು ಬರೆಸಿಡುವುದಕ್ಕೆ ಖರ್ಚೇನಿಲ್ಲ.